ಚಿಕ್ಕಮ್ಮ ಯಾವ ಟೇಬಲ್ಲಿಗೆ?

ಮೊನ್ನೆ ಫೋನು ಮತ್ತೆ ಗೋಗರೆಯಿತು ತಾನೆ? ಸ್ಟೋರೇಜ್ ಫುಲ್ ಅಂತ. ನೀವೇನು ಮಾಡಿದ್ರಿ ಅಂತ ನನಗೆ ಗೊತ್ತು ಬಿಡಿ. ಬ್ಯಾಂಕಿನ ಆ್ಯಪ್ ತೆಗೆದ್ರಿ, ರೈಲು ಟಿಕೆಟ್ಟಿನದ್ದೂ ತೆಗೆದ್ರಿ. ನಂದಿ ಬೆಟ್ಟದ ಒಂದೇ ಸೂರ್ಯೋದಯದ ಹದಿನೇಳು ಫೋಟೋ ಮಾತ್ರ ಕದಲದೆ ಕೂತಿವೆ. (ಅದರಲ್ಲಿ ಹನ್ನೊಂದರಲ್ಲಿ ಸೂರ್ಯನೇ ಇಲ್ಲ, ಬರೀ ಮಂಜು. ಆದ್ರೂ ಇರಲಿ, ಅಲ್ವಾ?)

ಆಮೇಲೆ ಭಾನುವಾರ ಊಟ ಆಯ್ತು. ಅನ್ನ ಸಾರಿನ ಮಂಪರು ಹತ್ತೋ ಮುಂಚೆ ಒಂದು ಹುಮ್ಮಸ್ಸು ಹತ್ತಿತು. ಮನೆಯ ಫೋಟೋಗಳಿಗೆಲ್ಲ ಸ್ವಂತ ಡೇಟಾಬೇಸ್! ಗೂಗಲ್ ಫೋಟೋಸ್ ಇದೆಯಲ್ಲಾ ಅಂತ ಮನೆಯವರು ಅಂದಿದ್ದಕ್ಕೆ ಹುಬ್ಬು ಗಂಟಿಕ್ಕಿದ್ರಿ. ಇಷ್ಟು ವರ್ಷ ಕಂಡವರ ಕಂಪನಿಗೆಲ್ಲ ಟೇಬಲ್ ಕಟ್ಟಿಕೊಟ್ಟಿದ್ದೀನಿ, ನಮ್ಮನೆ ಫೋಟೋಗೆ ಕಟ್ಟೋಕಾಗಲ್ವಾ ಅಂತ ಸವಾಲು. (ಆ ವರ್ಷಗಳಲ್ಲಿ ನೀವು ಕಟ್ಟಿದ್ದಕ್ಕಿಂತ, ಬೇರೆಯವರು ಕಟ್ಟಿದ್ದನ್ನ ಬೈದದ್ದೇ ಜಾಸ್ತಿ ಅನ್ನೋದು ನಮ್ಮಿಬ್ಬರ ಮಧ್ಯೆ ಇರಲಿ.)

ಮೊದಲನೇ ಟೇಬಲ್, ಹೆಸರು ಫೋಟೋ. ಕಾಲಮ್ಮುಗಳು ಐಡಿ, ಫೈಲಿನ ಹೆಸರು, ದಿನಾಂಕ, ಜಾಗ. ಸಲೀಸು. ಫೋಟೋದಲ್ಲಿ ಯಾರ‍್ಯಾರಿದ್ದಾರೆ ಅಂತ ಬರೆಯೋಕೆ ವ್ಯಕ್ತಿ1, ವ್ಯಕ್ತಿ2, ವ್ಯಕ್ತಿ3 ಅಂತ ಇನ್ನೂ ಮೂರು. ನಾಚಿಕೊಳ್ಳಬೇಡಿ, ಎಲ್ಲರೂ ಶುರು ಮಾಡೋದು ಅಲ್ಲಿಂದಲೇ. ಆ ವ್ಯಕ್ತಿ1 ಯಾರು ಅಂತ ಕೇಳೋದೇ ಬೇಡ, ನೀವೇ.

ಸೆಲ್ಫಿಗಳ ಮಟ್ಟಿಗೆ ಬಂಡಿ ಓಡಿತು. ಆಮೇಲೆ ನಾದಿನಿ ಮದುವೆಯ ಗ್ರೂಪ್ ಫೋಟೋ ಬಂತು ನೋಡಿ! ನಲವತ್ತೆರಡು ತಲೆ, ಅದರ ಮೇಲೆ ಕಂಕುಳಲ್ಲಿರೋ ಕೂಸುಗಳು ಬೇರೆ. ವ್ಯಕ್ತಿ42ರ ತನಕ ಕಾಲಮ್ ಎಳೀತೀರಾ? ಎಳೆದ್ರಿ ಅಂತಲೇ ಇಟ್ಕೊಳ್ಳಿ, ನಾಳೆ ‘ಚಿಕ್ಕಮ್ಮ ಇರೋ ಫೋಟೋ ಎಲ್ಲ ತೋರಿಸು’ ಅಂದ್ರೆ ನಲವತ್ತೆರಡು ಕಾಲಮ್ಮಿನಲ್ಲೂ ತಡಕಬೇಕು.

ಅದಕ್ಕೆ ನಿಮ್ಮದೊಂದು ಜಾಣತನ: ಒಂದೇ ಕಾಲಮ್, ಅದರೊಳಗೆ ಕಾಮಾ ಹಾಕ್ಕೊಂಡು ಹೆಸರು. ‘ಅಮ್ಮ, ಪದ್ದಕ್ಕ, ಮಾಮ, ವೆಂಕಟೇಶ’. ಈಗ ವೆಂಕಟೇಶನ್ನ ಹುಡುಕಿ ನೋಡೋಣ. ನಿಮ್ಮ ತಾತ ಬಂದ್ರು. ತಾತನ ಹೆಸರೇ ಇಟ್ಟ ದೊಡ್ಡಪ್ಪನ ಮಗ ಬಂದ. ಅತ್ತೆ ಮಗನೂ ಬಂದ (ಅವನಿಗೂ ಅದೇ ತಾತನ ಹೆಸರೇ). ತಿರುಪತಿ ಟ್ರಿಪ್ಪಿನ ಡ್ರೈವರೂ ಬಂದ. ನಮ್ಮ ಕಡೆ ಹೆಸರು ನೆಚ್ಚಿಕೊಂಡು ಮನುಷ್ಯರನ್ನ ಹುಡುಕೋಕಾಗುತ್ತಾ ಸ್ವಾಮಿ?

ಎಡ್ಗರ್ ಕಾಡ್ ಅಂತ ಒಬ್ಬ ಇಂಗ್ಲಿಷ್ ಗಣಿತಜ್ಞ ಇದ್ದರು. ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಆಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಐಬಿಎಂ ಲ್ಯಾಬಿನಲ್ಲಿ ಕೂತವರು. 1970ರ ಜೂನಿನಲ್ಲಿ ಅವರು ಪ್ರಕಟಿಸಿದ ಒಂದು ಲೇಖನದಿಂದಲೇ ಈ ಟೇಬಲ್ಲುಗಳ ವಂಶ ಶುರು. ಪ್ರೈಮರಿ ಕೀ, ಫಾರಿನ್ ಕೀ ಎರಡೂ ಅದರಲ್ಲೇ ಇವೆ. ಒಂದು ಸಾಲನ್ನ ಗುರುತಿಸೋಕೆ ಒಂದು ಕೀ, ಬೇರೆ ಟೇಬಲ್ಲಿನಿಂದ ಅದನ್ನ ತೋರಿಸೋಕೆ ಅದೇ ಬೆಲೆ ಇಲ್ಲೊಂದು ಕಾಲಮ್ಮಿನಲ್ಲಿ. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿಯೂ ಬಂತು. ಇದನ್ನೆಲ್ಲ ಕಾಲೇಜಿನಲ್ಲಿ ಓದಿ, ಪಾಸಾಗಿ, ಇಂಟರ್‌ವ್ಯೂನಲ್ಲಿ ಗಿಣಿಪಾಠ ಒಪ್ಪಿಸಿ, ನೀವು ಕಾಮಾ ಹಾಕ್ಕೊಂಡು ಕೂತಿದ್ದೀರಿ.

ಸರಿ, ವ್ಯಕ್ತಿಗಳಿಗೇ ಬೇರೆ ಟೇಬಲ್. ಒಬ್ಬೊಬ್ಬರಿಗೂ ಒಂದು ನಂಬರು, ಅರ್ಥ ಇಲ್ಲದ ಬರೀ ನಂಬರು. ಹೆಸರನ್ನೇ ಕೀ ಮಾಡೋಕೆ ಹೋಗಬೇಡಿ. ಮದುವೆ ಆದ ಮೇಲೆ ಇನಿಷಿಯಲ್ ಬದಲಾಗುತ್ತೆ, ಪಾಸ್‌ಪೋರ್ಟಿನಲ್ಲಿ ಒಂದಿರುತ್ತೆ, ಕರೆಯೋದೇ ಇನ್ನೊಂದು. ಫೋನ್ ನಂಬರನ್ನ ಕೀ ಮಾಡಿದ್ರೆ ಹೇಗೆ ಅಂದ್ರಾ? 1962ರ ಫೋಟೋದಲ್ಲಿರೋ ಮುತ್ತಜ್ಜಿಯ ಫೋನ್ ನಂಬರು ಹೇಳಿ ನೋಡೋಣ.

ಈಗ ನೀವು ಒಂದು ಕಾಲಮ್ ಸೇರಿಸ್ತೀರಿ, ಅದಕ್ಕೇ ಕಾದಿದ್ದೆ ನಾನು. ಕಾಲಮ್ಮಿನ ಹೆಸರು ‘ಸಂಬಂಧ’. ಅದರಲ್ಲಿ ಚಿಕ್ಕಮ್ಮ, ಮಾಮ, ಭಾವ, ಷಡ್ಡಕ. ನಿಲ್ಲಿ ನಿಲ್ಲಿ. ಯಾರಿಗೆ ಚಿಕ್ಕಮ್ಮ? ನಿಮಗೆ ತಾನೆ? ನಿಮ್ಮ ಮಗಳಿಗೆ ಅವರು ಅಜ್ಜಿ. ನಿಮ್ಮಮ್ಮನಿಗೆ ತಂಗಿ. ಎದುರುಮನೆಯವರಿಗೆ ಸುಮ್ಮನೆ ಆಂಟಿ. ಇಡೀ ವಂಶವನ್ನ ನಿಮ್ಮೊಬ್ಬರ ಸೋಫಾದಿಂದ ನೋಡಿ ಬರೆದ್ರೆ ನಾಳೆ ಮಗಳು ಅದನ್ನ ತೆರೆದು ಏನು ಮಾಡ್ಬೇಕು?

ಸಂಬಂಧ ಅನ್ನೋದು ಒಬ್ಬರ ಗುಣ ಅಲ್ಲ, ಇಬ್ಬರ ನಡುವಿನದ್ದು. ಹಾಗಾಗಿ ವ್ಯಕ್ತಿ ಟೇಬಲ್ಲಿನಲ್ಲಿ ತಾಯಿ_ಐಡಿ, ತಂದೆ_ಐಡಿ ಅಂತ ಎರಡು ಕಾಲಮ್ ಸಾಕು, ಎರಡೂ ಅದೇ ವ್ಯಕ್ತಿ ಟೇಬಲ್ಲಿಗೇ ತೋರಿಸೋ ಫಾರಿನ್ ಕೀಗಳು. (ಟೇಬಲ್ ತನ್ನನ್ನೇ ತೋರಿಸಬಹುದು, ಅದಕ್ಕೇನೂ ಅಡ್ಡಿ ಇಲ್ಲ.) ಮದುವೆಗೆ ಬೇರೆ ಟೇಬಲ್, ಅದರಲ್ಲಿ ಇಬ್ಬರು ವ್ಯಕ್ತಿಗಳ ಐಡಿ, ಜೊತೆಗೆ ತಾರೀಖು. ಉಳಿದ ಅತ್ತೆ, ಮಾವ, ಬೀಗರು, ಓರಗಿತ್ತಿ ಎಲ್ಲ ಕ್ವೆರಿ ಹಾಕಿದ್ರೆ ತಾವಾಗಿ ಬರ‍್ತಾರೆ. ಮುತ್ತಜ್ಜನ ಮುತ್ತಜ್ಜನ ತನಕ ಹತ್ತಬೇಕಾ? ರಿಕರ್ಸಿವ್ ಕ್ವೆರಿ ಅಂತಲೇ ಇದೆ, ಏಣಿ ಇಲ್ಲದೆ ಹತ್ತುತ್ತೆ.

ಸೋದರತ್ತೆ ಮಗನ್ನೇ ಮದುವೆ ಆದವರು ನಿಮ್ಮ ಮನೇಲೂ ಇದ್ದಾರೆ ತಾನೆ? ಅಂಥವರಿಗೆ ಒಂದೇ ಹೆಂಗಸು ಅತ್ತೆಯೂ ಹೌದು, ಅತ್ತೆಯೂ ಹೌದು. ಒಂದು ಸಂಬಂಧ ತಂದೆಯ ಕಡೆಯಿಂದ ಬರುತ್ತೆ, ಇನ್ನೊಂದು ಮದುವೆ ಟೇಬಲ್ಲಿನಿಂದ. ನಿಮ್ಮ ‘ಸಂಬಂಧ’ ಕಾಲಮ್ ಅಲ್ಲೇ ಮುಗ್ಗರಿಸ್ತಿತ್ತು. ಈಗ ಎರಡು ದಾರಿಯಲ್ಲೂ ಹೋಗಿ ಅದೇ ಐಡಿಗೆ ತಲುಪುತ್ತೆ. ಆದ್ರೆ ಒಂದು ಪೇಚು ಇದೆ. ಅಮ್ಮನ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ. ಯಾರು ದೊಡ್ಡವರು ಅಂತ ಕ್ವೆರಿಗೆ ಗೊತ್ತಾಗಬೇಕಾದ್ರೆ ಹುಟ್ಟಿದ ತಾರೀಖು ಬೇಕು. ಹೋಗಿ, ಚಿಕ್ಕಮ್ಮನ್ನ ಹುಟ್ಟಿದ ವರ್ಷ ಕೇಳ್ಕೊಂಡು ಬನ್ನಿ. ನಾನಿಲ್ಲೇ ಇರ‍್ತೀನಿ.

ಈಗ ಫೋಟೋಗೂ ವ್ಯಕ್ತಿಗೂ ಗಂಟು ಹಾಕಬೇಕಲ್ಲ. ಒಂದು ಫೋಟೋದಲ್ಲಿ ಹಲವರು, ಒಬ್ಬರು ಹಲವು ಫೋಟೋದಲ್ಲಿ. ಮಧ್ಯೆ ಒಂದು ಟೇಬಲ್ ಬರಲೇಬೇಕು. ಅದರಲ್ಲಿ ಫೋಟೋ_ಐಡಿ, ವ್ಯಕ್ತಿ_ಐಡಿ, ಅಷ್ಟೇ. ನಲವತ್ತೆರಡು ತಲೆಗೆ ನಲವತ್ತೆರಡು ಸಾಲು. ಚಿಕ್ಕಮ್ಮ ಇರೋ ಫೋಟೋ ಬೇಕಾದ್ರೆ ಒಂದೇ ಕಾಲಮ್ ನೋಡಿದ್ರಾಯ್ತು. ಎರಡೂ ಕಾಲಮ್ಮಿಗೆ ಫಾರಿನ್ ಕೀ ಹಾಕೋದು ಮರೀಬೇಡಿ.

ಈ ಫಾರಿನ್ ಕೀ ಮಾಡೋ ಕೆಲಸ ನಿಮಗೆ ಚೆನ್ನಾಗಿ ಗೊತ್ತು. ಛತ್ರದ ಬಾಗಿಲಲ್ಲಿ ಪನ್ನೀರುದಾನಿ ಪಕ್ಕ ಒಬ್ಬರು ದೊಡ್ಡಪ್ಪ ಕೂತಿರ‍್ತಾರಲ್ಲ, ‘ನೀವು ಯಾರ ಕಡೆಯವರು?’ ಅಂತ ಎಲ್ಲರನ್ನೂ ತಡೆದು ಕೇಳ್ಕೊಂಡು, ಅದೇ. 57ನೇ ವ್ಯಕ್ತಿ ಅಂತ ನೀವು ಸಾಲು ಸೇರಿಸೋಕೆ ಹೋದ್ರೆ, ವ್ಯಕ್ತಿ ಟೇಬಲ್ಲಿನಲ್ಲಿ 57 ಇಲ್ಲದಿದ್ರೆ ಒಳಗೆ ಬಿಡಲ್ಲ. ಊಟಕ್ಕೆ ಮಾತ್ರ ಬಂದವರನ್ನ ಸೀದಾ ಹೊರಗೆ ಕಳಿಸುತ್ತೆ.

ಆದ್ರೆ ದೊಡ್ಡಪ್ಪ ಎದ್ದಿದ್ದಾರೋ ಮಲಗಿದ್ದಾರೋ ನೋಡ್ಕೊಂಡ್ರಾ? ನೀವು ಆರಿಸಿದ್ದು ಎಸ್‌ಕ್ಯೂಲೈಟ್ ತಾನೆ? (ಒಂದೇ ಫೈಲು, ಸರ್ವರ್ ಗೋಜಿಲ್ಲ, ಮನೆಗೆ ಅದೇ ಸರಿ.) ಅದರಲ್ಲಿ ಫಾರಿನ್ ಕೀ ತಪಾಸಣೆ ಬಂದದ್ದೇ 2009ರಲ್ಲಿ. ಹಳೇ ಪ್ರೋಗ್ರಾಮುಗಳು ಕೆಡಬಾರದು ಅಂತ ಅದನ್ನ ಮೊದಲಿಂದಲೇ ಆಫ್ ಮಾಡಿಟ್ಟಿದ್ದಾರೆ. ಪ್ರತಿ ಸಲ ಕನೆಕ್ಟ್ ಆದಾಗಲೂ ‘ಪ್ರಾಗ್ಮಾ ಫಾರಿನ್ ಕೀಸ್ ಆನ್’ ಅಂತ ನೀವೇ ಎಬ್ಬಿಸಬೇಕು. ಮೈಎಸ್‌ಕ್ಯೂಎಲ್ಲಿನ ಹಳೇ ಮೈಐಸ್ಯಾಮ್ ಇನ್ನೂ ಭೂಪ. ನೀವು ಬರೆದ ಫಾರಿನ್ ಕೀಯನ್ನ ವಿನಯದಿಂದ ಓದಿ, ತಲೆ ಆಡಿಸಿ, ಏನೂ ಮಾಡದೆ ಬಿಟ್ಟುಬಿಡ್ತಿತ್ತು. ತಪ್ಪು ಅಂತ ಒಂದು ಮಾತೂ ಆಡ್ತಿರಲಿಲ್ಲ. 2010ರಲ್ಲಿ 5.5 ಬಂದು ಇನ್ನೋಡಿಬಿ ಡಿಫಾಲ್ಟ್ ಆಗೋ ತನಕ ಎಷ್ಟು ಜನ ‘ನಮ್ಮದು ಭದ್ರವಾಗಿದೆ’ ಅಂತ ನಿದ್ದೆ ಮಾಡಿದ್ರೋ!

ಮುಂದಕ್ಕೆ ಬನ್ನಿ, ಮದುವೆ ಫೋಟೋ ಇನ್ನೂ ಮುಗಿದಿಲ್ಲ. ಎರಡನೇ ಸಾಲು, ಎಡದಿಂದ ಮೂರನೆಯವರು, ಹಸಿರು ಸೀರೆ. ಯಾರಿವರು? ನಿಮಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ಆ ದಿನ ಅವರ ಕೈ ಹಿಡ್ಕೊಂಡು ‘ಎಷ್ಟು ವರ್ಷ ಆಯ್ತು ನೋಡಿ, ಬರಲೇ ಇಲ್ಲ ನೀವು’ ಅಂತ ಹತ್ತು ನಿಮಿಷ ಮಾತಾಡಿದ್ರಿ, ನೆನಪಿದೆಯಾ? ಆಗಲೂ ಗೊತ್ತಿರಲಿಲ್ಲ.

ಇವರನ್ನ ಡೇಟಾಬೇಸಿಗೆ ಹೇಗೆ ಸೇರಿಸೋದು? ಫೋಟೋದಲ್ಲಂತೂ ಇದ್ದಾರೆ, ವ್ಯಕ್ತಿ ಟೇಬಲ್ಲಿನಲ್ಲಿಲ್ಲ. ಇಲ್ಲಿ ಮಧ್ಯದ ಟೇಬಲ್ಲನ್ನೇ ಸ್ವಲ್ಪ ತಿರುಗಿಸಿ ಯೋಚಿಸಿ. ಅದು ಹೆಸರಿನ ಪಟ್ಟಿ ಅಲ್ಲ, ಮುಖಗಳ ಪಟ್ಟಿ. ಟೇಬಲ್ಲಿಗೆ ‘ಮುಖ’ ಅಂತಲೇ ಹೆಸರಿಡಿ. ಪ್ರತಿ ಮುಖಕ್ಕೂ ಸ್ವಂತ ಐಡಿ, ಯಾವ ಫೋಟೋ, ಫೋಟೋದ ಯಾವ ಮೂಲೆ, ಎಷ್ಟು ಅಗಲ, ಎಷ್ಟು ಎತ್ತರ. ವ್ಯಕ್ತಿ_ಐಡಿ ಇದ್ದರೆ ಉಂಟು, ಇಲ್ಲದಿದ್ರೆ ನಲ್. ಫೋಟೋ_ಐಡಿ, ವ್ಯಕ್ತಿ_ಐಡಿ ಎರಡನ್ನೂ ಸೇರಿಸಿ ಪ್ರೈಮರಿ ಕೀ ಮಾಡಿದ್ದಿದ್ರೆ ಇದು ಆಗ್ತಿರಲಿಲ್ಲ, ಪ್ರೈಮರಿ ಕೀಯಲ್ಲಿ ನಲ್‌ಗೆ ಜಾಗ ಇಲ್ಲ. (ಎಸ್‌ಕ್ಯೂಲೈಟ್ ಹಳೇದೊಂದು ಬಗ್ಗಿನಿಂದಾಗಿ ಅದನ್ನೂ ಬಿಟ್ಟುಕೊಳ್ಳುತ್ತೆ, ನೀವು ಅದನ್ನ ನಂಬಿ ಕೂರಬೇಡಿ.)

ಬಾಗಿಲಲ್ಲಿರೋ ದೊಡ್ಡಪ್ಪನ ಮಜಾ ನೋಡಿ. ಇಲ್ಲದ ಹೆಸರು ಹೇಳಿದ್ರೆ ಅಟ್ಟುತ್ತಾರೆ. ‘ಗೊತ್ತಿಲ್ಲ’ ಅಂದ್ರೆ ಒಳಗೆ ಬಿಡ್ತಾರೆ! ಫಾರಿನ್ ಕೀ ನಲ್ಲನ್ನ ಪ್ರಶ್ನೆ ಮಾಡೋದೇ ಇಲ್ಲ. ಅದರ ಮೇಲೆ, ಒಂದು ನಲ್ ಇನ್ನೊಂದು ನಲ್‌ಗೆ ಸಮ ಅಂತಲೂ ಡೇಟಾಬೇಸ್ ಒಪ್ಪಲ್ಲ. ಹಸಿರು ಸೀರೆಯವರೂ ಗೊತ್ತಿಲ್ಲ, ಪಕ್ಕದ ಸಫಾರಿ ಸೂಟಿನವರೂ ಗೊತ್ತಿಲ್ಲ. ಹಾಗಂತ ಇಬ್ಬರೂ ಒಬ್ಬರೇನಾ?

ತಾರೀಖಿನ ವಿಷಯ ಎತ್ತಲಾ, ಬೇಡವಾ? ಎತ್ತಿಯೇ ಬಿಡ್ತೀನಿ. ಫೋನಿನಲ್ಲಿ ತೆಗೆದ ಫೋಟೋದೊಳಗೆ ಎಕ್ಸಿಫ್ ಅಂತ ಒಂದು ಚೀಟಿ ಇರುತ್ತೆ, ತೆಗೆದ ಹೊತ್ತು, ಕ್ಯಾಮೆರಾ, ಕೆಲವು ಸಲ ಜಾಗವೂ. 1995ರ ಕಾಲದ ವ್ಯವಸ್ಥೆ ಅದು. ಹೊತ್ತು ಬರೆಯುತ್ತೆ ಸರಿ, ಯಾವ ದೇಶದ ಹೊತ್ತು ಅಂತ ಬರೆಯೋ ಜಾಗ ಕೊಟ್ಟದ್ದು 2016ರಲ್ಲಿ! ಅದಕ್ಕೇ ನ್ಯೂಜೆರ್ಸಿಯಲ್ಲಿರೋ ತಮ್ಮ ವಿಡಿಯೋ ಕಾಲಿನಲ್ಲಿ ನಿಮ್ಮ ಗೃಹಪ್ರವೇಶ ನೋಡ್ತಾ ತೆಗೆದ ಫೋಟೋ, ನಿಮ್ಮನೆ ಹಾಲು ಉಕ್ಕೋಕೆ ಮುಂಚಿನ ರಾತ್ರಿಯದ್ದು ಅಂತ ಕೂರುತ್ತೆ.

ಅದೂ ಫೋಟೋ ಸೀದಾ ಬಂದಿದ್ರೆ. ನಿಮ್ಮ ಫೋಟೋಗಳೆಲ್ಲ ಬಂದದ್ದು ಫ್ಯಾಮಿಲಿ ಗ್ರೂಪಿನಿಂದ. ವಾಟ್ಸ್ಆ್ಯಪ್ಪಿನಲ್ಲಿ ಹಾದುಬಂದ ಫೋಟೋದಲ್ಲಿ ಆ ಚೀಟಿ ಉಳಿಯಲ್ಲ, ಫೋಟೋನೂ ಕುಗ್ಗಿರುತ್ತೆ. ಇನ್ನು ಬಿಸ್ಕತ್ತಿನ ಡಬ್ಬದಲ್ಲಿದ್ದ ಕಪ್ಪು-ಬಿಳುಪು ಫೋಟೋಗಳನ್ನ ಸ್ಕ್ಯಾನ್ ಮಾಡಿದ್ರಲ್ಲ, ಅವುಗಳ ತಾರೀಖು? ಸ್ಕ್ಯಾನ್ ಮಾಡಿದ ದಿನವೇ ಹಾಕಿಬಿಟ್ಟಿದ್ದೀರಿ ತಾನೆ? ನಿಮ್ಮ ಅಜ್ಜಿ 2021ರಲ್ಲಿ ಎರಡು ಜಡೆ ಹಾಕ್ಕೊಂಡು ಸ್ಟುಡಿಯೋದಲ್ಲಿ ನಿಂತಿದ್ದಾರೆ! ಒಂದೇ ದಿನಾಂಕದ ಬದಲು ‘ಇದಕ್ಕಿಂತ ಮುಂಚೆ ಅಲ್ಲ’, ‘ಇದರ ಆಮೇಲೆ ಅಲ್ಲ’ ಅಂತ ಎರಡು ಕಾಲಮ್ ಇಡಿ. ಅಂದಾಜನ್ನ ಅಂದಾಜು ಅಂತಲೇ ಬರೆದ್ರೆ ಯಾರೂ ಬೈಯಲ್ಲ.

ಈಗ ನಿಮಗೆ ಅತ್ಯಂತ ಕಷ್ಟದ ಮಾತು. ಅಳಿಸೋದು. ಫಾರಿನ್ ಕೀ ಬರೆಯುವಾಗ ಪಕ್ಕದಲ್ಲೇ ‘ಆನ್ ಡಿಲೀಟ್’ ಅಂತ ಬರೆದು, ಆ ಕಡೆಯ ಸಾಲು ಅಳಿಸಿದ್ರೆ ಈ ಕಡೆಯದ್ದು ಏನಾಗಬೇಕು ಅಂತ ಹೇಳಬಹುದು. ಕ್ಯಾಸ್ಕೇಡ್ ಅಂದ್ರೆ ಇದೂ ಜೊತೆಗೇ ಹೋಗಲಿ. ಸೆಟ್ ನಲ್ ಅಂದ್ರೆ ಇದು ಇರಲಿ, ಗಂಟು ಬಿಚ್ಚಲಿ. ರಿಸ್ಟ್ರಿಕ್ಟ್ ಅಂದ್ರೆ ಇದು ಇರೋ ತನಕ ಅದನ್ನ ಮುಟ್ಟಬೇಡಿ.

ಮಾಮನ ಮಗಳ ನಿಶ್ಚಿತಾರ್ಥ ಆಗಿ ಮುರಿದುಹೋಯ್ತಲ್ಲ, ಆ ಹುಡುಗನ್ನ ವ್ಯಕ್ತಿ ಟೇಬಲ್ಲಿನಿಂದ ತೆಗೀಬೇಕು ಅಂತ ಮನೇಲಿ ಒತ್ತಾಯ. ಮುಖ ಟೇಬಲ್ಲಿನಲ್ಲಿ ಸೆಟ್ ನಲ್ ಇಟ್ಟಿದ್ರೆ ಏನಾಗುತ್ತೆ ಗೊತ್ತಾ? ಫೋಟೋದಲ್ಲಿ ಹುಡುಗ ಅಲ್ಲೇ ರೇಷ್ಮೆ ಶಲ್ಯ ಹೊದ್ದು ನಿಂತಿರ‍್ತಾನೆ, ಹೆಸರು ಮಾತ್ರ ಇರಲ್ಲ. ಡೇಟಾಬೇಸ್ ಬರೋಕೆ ಮುಂಚಿನಿಂದಲೂ ನಿಮ್ಮನೇಲಿ ಇದನ್ನೇ ಮಾಡ್ತಿದ್ದಾರೆ. ‘ಇವರ‍್ಯಾರು?’ ಅಂದ್ರೆ ‘ಯಾರೋ ಗೊತ್ತಿಲ್ಲಪ್ಪ, ಪುಟ ತಿರುಗಿಸು’.

ಕ್ಯಾಸ್ಕೇಡಿನ ಹತ್ತಿರ ಹುಷಾರು. ಫೋಟೋ ಟೇಬಲ್ಲಿನಲ್ಲಿ ಆಲ್ಬಮ್_ಐಡಿ ಅಂತ ಒಂದು ಕಾಲಮ್ ಇಟ್ಟು, ಅದಕ್ಕೆ ಕ್ಯಾಸ್ಕೇಡ್ ಕಟ್ಟಿ, ‘ಗೋವಾ ಟ್ರಿಪ್’ ಅನ್ನೋ ಹೆಸರು ಹಿಡಿಸಲಿಲ್ಲ ಅಂತ ಆಲ್ಬಮ್ ಅಳಿಸಿದ್ರೆ ಗೋವಾನೇ ಹೋಯ್ತು. ಆಲ್ಬಮ್ಮಿಗೂ ಫೋಟೋಗೂ ಮಧ್ಯೆ ಇನ್ನೊಂದು ಟೇಬಲ್ ಇಡಿ, ಕ್ಯಾಸ್ಕೇಡ್ ಅಲ್ಲಿರಲಿ. ಆಗ ಹೋಗೋದು ಗಂಟು ಮಾತ್ರ, ಫೋಟೋ ಇರುತ್ತೆ. ಒಂದೇ ಫೋಟೋ ನಾಲ್ಕು ಆಲ್ಬಮ್ಮಿನಲ್ಲೂ ಇರಬಹುದು.

ನೀವು ಇಷ್ಟೆಲ್ಲ ಕೇಳಿಸಿಕೊಂಡು, ಕೊನೆಗೆ ಎಲ್ಲ ಟೇಬಲ್ಲಿಗೂ ‘ಅಳಿಸಿದ_ಸಮಯ’ ಅಂತ ಒಂದು ಕಾಲಮ್ ಸೇರಿಸಿದ್ರಿ. ಅಂದ್ರೆ ಅಳಿಸಿದ ಹಾಗೆ ತೋರಿಸೋದು, ನಿಜಕ್ಕೂ ಅಳಿಸಬಾರದು. ಗೊತ್ತಿತ್ತು ನನಗೆ. ಮಂಜಿನ ಆ ಹನ್ನೊಂದು ಫೋಟೋ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ‍್ತವೆ.

ಫೋಟೋನ ಟೇಬಲ್ಲಿನೊಳಗೇ ತುಂಬೋದಾ, ಫೋಲ್ಡರಿನಲ್ಲಿಟ್ಟು ದಾರಿ ಮಾತ್ರ ಬರೆಯೋದಾ ಅಂತ ನಿಮ್ಮ ಆಫೀಸಿನ ಗೆಳೆಯರು ಜಗಳ ಆಡ್ತಾರೆ, ಆಡಲಿ. ಮೈಕ್ರೋಸಾಫ್ಟಿನ ಸಂಶೋಧಕರು 2006ರಲ್ಲೇ ಅಳೆದು ನೋಡಿದ್ದಾರೆ. 256 ಕೆಬಿಗಿಂತ ಚಿಕ್ಕದಕ್ಕೆ ಡೇಟಾಬೇಸ್ ಮೇಲು, 1 ಎಂಬಿ ದಾಟಿದ್ರೆ ಫೋಲ್ಡರ್ ಮೇಲು, ಮಧ್ಯದ್ದು ಆಯಾ ಬಳಕೆಗೆ ಬಿಟ್ಟದ್ದು. ಹಾಗಾಗಿ ಪುಟಾಣಿ ಥಂಬ್‌ನೇಲ್ ಒಳಗೆ, ಮೂಲ ಫೋಟೋ ಹೊರಗೆ. ದಾರಿ ಬರೆಯುವಾಗ ಡಿ ಡ್ರೈವಿನಿಂದ ಶುರು ಮಾಡಬೇಡಿ, ನಾಳೆ ಹಾರ್ಡ್ ಡಿಸ್ಕ್ ಬೇರೆ ಲ್ಯಾಪ್‌ಟಾಪಿಗೆ ಚುಚ್ಚಿದ್ರೆ ಅದು ಇ ಆಗಿರುತ್ತೆ. ಇನ್ನೊಂದು ಮಾತು: ಸಾಲು ಅಳಿಸಿದ್ರೆ ಫೋಲ್ಡರಿನ ಫೈಲು ತಾನಾಗಿ ಹೋಗಲ್ಲ, ಕ್ಯಾಸ್ಕೇಡಿನ ಕೈ ಅಲ್ಲಿಗೆ ಎಟುಕಲ್ಲ. (ನಿಮಗೆ ಇದು ಕೇಳಿ ಸಮಾಧಾನವೇ ಆಗಿರಬೇಕು.)

ಒಂದೇ ಫೋಟೋ ಎರಡು ಸಲ ಬರಬಾರದು ಅಂತ ಹ್ಯಾಶ್ ಕಾಲಮ್ಮಿಗೆ ಯುನೀಕ್ ಅಂತ ಹಾಕಿದ್ರಿ, ಶಹಬ್ಬಾಸ್. ಆದ್ರೆ ಅದೇ ಫೋಟೋನ ಭಾವ ಕಳಿಸಿ, ಪದ್ದಕ್ಕ ಮೇಲೆ ಗುಲಾಬಿ ಅಂಟಿಸಿ ಫಾರ್ವರ್ಡ್ ಮಾಡಿ, ಮಾಮ ಅದರ ಸ್ಕ್ರೀನ್‌ಶಾಟ್ ತೆಗೆದು ಹಾಕಿದ್ರೆ ಮೂರರ ಹ್ಯಾಶೂ ಬೇರೆ ಬೇರೆ. ಒಂದು ಬೈಟ್ ಬದಲಾದ್ರೂ ಹ್ಯಾಶ್ ಪೂರಾ ಬದಲು. ಹೋಲಿಕೆ ಹಿಡಿಯೋ ಹ್ಯಾಶ್ ಬೇರೆಯೇ ಇದೆ. ಫೋಟೋನ ಕಪ್ಪು-ಬಿಳುಪು ಮಾಡಿ, ಒಂಬತ್ತು ಚುಕ್ಕಿ ಅಗಲ ಎಂಟು ಚುಕ್ಕಿ ಎತ್ತರಕ್ಕೆ ಕುಗ್ಗಿಸಿ, ಅಕ್ಕಪಕ್ಕದ ಚುಕ್ಕಿಗಳಲ್ಲಿ ಯಾವುದು ಬೆಳ್ಳಗಿದೆ ಅಂತ ಮಾತ್ರ ನೋಡಿ 64 ಬಿಟ್ ಬರೆಯುತ್ತೆ. ಫೋಟೋ ಬರೀ ಕುಗ್ಗಿದ್ದರೆ ಬಿಟ್ಟುಗಳು ಹೆಚ್ಚುಕಮ್ಮಿ ಹಾಗೇ ಇರ‍್ತವೆ. ಪದ್ದಕ್ಕನ ಗುಲಾಬಿ ಎಷ್ಟು ದೊಡ್ಡದು ಅನ್ನೋದರ ಮೇಲೆ ಉಳಿದದ್ದು.

ಏನು, ಲೋಡ್ ತಡೆಯುತ್ತಾ ಅಂತ ಕೇಳಿದ್ರಾ? ಶಾರ್ಡಿಂಗ್ ಬೇಡ್ವಾ ಅಂತ? ಬಂದೇಬಿಟ್ಟಿತು ನೋಡಿ ಆಫೀಸಿನ ಚಟ. ಫೇಸ್‌ಬುಕ್ಕಿನವರು 2010ರಲ್ಲಿ ಬರೆದಿದ್ರು, ತಮ್ಮ ಹತ್ತಿರ ಫೋಟೋ 6,500 ಕೋಟಿ ಇವೆ, ಒಂದೊಂದನ್ನೂ ನಾಲ್ಕು ಅಳತೆಯಲ್ಲಿ ಇಡೋದ್ರಿಂದ 26,000 ಕೋಟಿ ಚಿತ್ರ ಅಂತ. ಅವರಿಗೆ ತಲೆನೋವಾಗಿ ದೊಡ್ಡ ದೊಡ್ಡ ಫೈಲುಗಳಲ್ಲಿ ಫೋಟೋಗಳನ್ನ ಒಟ್ಟಿಗೆ ತುಂಬೋ ಉಪಾಯ ಮಾಡ್ಕೊಂಡ್ರು. ಎಸ್‌ಕ್ಯೂಲೈಟಿನ ಒಂದು ಫೈಲು 281 ಟೆರಾಬೈಟ್ ತನಕ ಬೆಳೆಯಬಹುದು ಸ್ವಾಮಿ. ನಿಮ್ಮ ದೋಸೆ ಫೋಟೋ ಎಲ್ಲ ಸೇರಿಸಿದ್ರೂ ಅದರ ಮೂಲೆ ತುಂಬಲ್ಲ.

ಅಂತೂ ಟೇಬಲ್ ಎಲ್ಲ ಆಯ್ತು. ಚೌಕಚೌಕವಾಗಿ ಡಯಾಗ್ರಾಮ್ ಬರೆದು, ಕೀಗಳಿಗೆಲ್ಲ ಬಾಣ ಎಳೆದು, ಬಣ್ಣ ತುಂಬಿ, ಅದನ್ನೇ ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದ್ರಿ. ಎಲ್ಲ ಸರಿ, ಒಳಗೆ ಎಷ್ಟು ಸಾಲು ಸೇರಿಸಿದ್ರಿ? ಪಿಸುಮಾತಿನಲ್ಲಿ ಹೇಳಿ ಸಾಕು. ಮೂರಾ? ಅದರಲ್ಲಿ ಎರಡು ಟೆಸ್ಟಿಂಗಿಗೆ ಹಾಕಿದ ‘ಎಬಿಸಿ’ನಾ?

ಅದಕ್ಕೇ ಅಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡ್ರಿ. ಹೆಸರು ಗೊತ್ತಿರೋದು ಅವರೊಬ್ಬರಿಗೇ. ಮದುವೆ ಫೋಟೋ ತೆರೆದ್ರಿ, ಅಮ್ಮ ಕನ್ನಡಕ ಏರಿಸಿದ್ರು. ‘ಹಸಿರು ಸೀರೆನಾ? ಅಯ್ಯೋ, ಇವಳು ಅರಸೀಕೆರೆ ಸಾವಿತ್ರಿ ಅಲ್ವೇನೋ, ನಮ್ಮ ಅತ್ತೆಯ ಓರಗಿತ್ತಿ ತಂಗಿ. ಆ ಸೀರೆ ಇವಳದ್ದಲ್ಲ, ಪದ್ದು ಹತ್ರ ತಗೊಂಡದ್ದು, ವಾಪಸ್ ಕೊಡಲೇ ಇಲ್ಲ, ಅದಕ್ಕೇ ಇಬ್ಬರೂ ಈ ಮೂಲೆಗೊಬ್ಬರು ಆ ಮೂಲೆಗೊಬ್ಬರು ನಿಂತಿರೋದು ನೋಡು...’ ಒಂದು ಗಂಟೆ ಆಯ್ತು, ಎರಡನೇ ಸಾಲಿನ ನಾಲ್ಕನೆಯವರಿಗೆ ಇನ್ನೂ ಬಂದಿಲ್ಲ. ಸಾವಿತ್ರಿಗೆ ಐಡಿ ಸಿಕ್ಕಿತು, ನಲ್ ಹೋಯ್ತು. ಆದ್ರೆ ಆ ಸೀರೆ ಕಥೆ ಯಾವ ಟೇಬಲ್ಲಿಗೆ ಹಾಕ್ತೀರಿ? ಮುಖ ಟೇಬಲ್ಲಿಗೇ ಒಂದು ಕಾಲಮ್ ಸೇರಿಸಿ ಅತ್ಲಾಗೆ. ವಾರ್‌ಚಾರ್ 255 ಅಂತೆಲ್ಲ ಬಿಗಿ ಮಾಡೀರಿ ಮತ್ತೆ, ಟೆಕ್ಸ್ಟ್ ಅಂತಲೇ ಇಡಿ. ಅಮ್ಮ ಈಗಿನ್ನೂ ಸೀರೆಯ ಅಂಚಿಗೆ ಬಂದಿದ್ದಾರೆ.